ಟಿವಿಯವರು ‘ಬಾಯಿ ತಪ್ಪಿ ಬಂತು’ ಅಂದರೆ ಒಪ್ಪಬೇಕಾ? ಪಕ್ಕದಲ್ಲಿ ಕೂತು ನಕ್ಕವರ ಕಥೆ ಏನು?

ಹಾಸನದ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಬೇಡಿ.

ನಾನು ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷ ಆಯಿತು. ಕಳೆದ ವಾರ ಆಫೀಸಿನಲ್ಲಿ ಟೀ ಮಾಡೋಣ ಅಂತ ಹೋದರೆ ಫ್ರಿಜ್ಜಿನಲ್ಲಿ ಹಾಲು ಖಾಲಿ. ನಮ್ಮ ಟೀಮಿನಲ್ಲಿ ಒಬ್ಬರು ಹಿರಿಯರಿದ್ದಾರೆ, ನಿಜಕ್ಕೂ ಒಳ್ಳೆಯ ಮನುಷ್ಯ, ನನ್ನ ಮಗಳು ಹುಟ್ಟಿದಾಗ ಅವರ ಹೆಂಡತಿ ಕೈಯಾರೆ ಹೆಣೆದ ಸ್ವೆಟರ್ ಕಳಿಸಿದ್ದರು. ಅವರು ಕೋಟು ಹಾಕಿಕೊಳ್ಳುತ್ತಾ ‘ಪಾಕಿ ಶಾಪಿಗೆ ಹೋಗಿ ತರುತ್ತೇನೆ’ ಅಂದರು. ಅಂದಮೇಲೆ ನನ್ನ ಮುಖ ನೋಡಿ, ನಿನಗಲ್ಲ ಮಾರಾಯ ಅನ್ನುವ ಹಾಗೆ ಕಣ್ಣು ಹೊಡೆದರು. ನಾಲ್ಕು ಜನ ನಕ್ಕರು. ನಾಲ್ಕನೆಯವನು ನಾನು.

ಇಲ್ಲಿ ಇರದವರಿಗೆ ಇದು ಪಾಕಿಸ್ತಾನಿ ಅನ್ನುವುದನ್ನು ಮೊಟಕು ಮಾಡಿದ ಪದ ಅಷ್ಟೇ ಅಂತ ಅನಿಸಬಹುದು. ಹಾಗಲ್ಲ. 1970ರ ಸುಮಾರಿಗೆ ಇಲ್ಲಿ ನಮ್ಮ ಬಣ್ಣದವರನ್ನು ಬೀದಿಯಲ್ಲಿ ಹಿಡಿದು ಹೊಡೆಯುವುದಕ್ಕೆ ಇದೇ ಪದ ಸೇರಿಸಿ ಒಂದು ಹೆಸರೇ ಇತ್ತು. ಹೊಡೆಯುವವರು ಯಾರ ಪಾಸ್‌ಪೋರ್ಟನ್ನೂ ಕೇಳುತ್ತಿರಲಿಲ್ಲ. ಅಂದಹಾಗೆ ನಮ್ಮ ಆಫೀಸಿನ ಪಕ್ಕದ ಆ ಅಂಗಡಿ ಶ್ರೀಲಂಕಾದ ಜಾಫ್ನಾ ಕಡೆಯ ತಮಿಳರದ್ದು!

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು, ‘ಅವರು ಅಂದರು ಸರಿ, ನೀವ್ಯಾಕೆ ನಕ್ಕಿರಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ನಿದ್ದೆ ಬರದೆ ಯೂಟ್ಯೂಬಿನಲ್ಲಿ 2007ರ ಸೆಲೆಬ್ರಿಟಿ ಬಿಗ್ ಬ್ರದರ್ (ನಮ್ಮ ಬಿಗ್ ಬಾಸ್ ಥರದ ಇಲ್ಲಿನ ಶೋ) ಗಲಾಟೆ ನೋಡುತ್ತಾ ಕೂತೆ. ಶಿಲ್ಪಾ ಶೆಟ್ಟಿಯದು. ಆಗ ನಾನು ಪಿಯುಸಿ, ‘ನಮ್ಮ ಮಂಗಳೂರಲ್ಲಿ ಹುಟ್ಟಿದ ಹುಡುಗಿಗೆ ಹಿಂಗಂದ್ರಂತೆ’ ಅಂತ ನಾವೆಲ್ಲ ಕ್ಯಾಂಟೀನಿನಲ್ಲಿ ಕೂತು ರೊಚ್ಚಿಗೆದ್ದಿದ್ದೆವು. ಈಗ ನೋಡಿದರೆ ನನ್ನ ಕಣ್ಣು ಬೈದವರ ಮೇಲೆ ಹೋಗುತ್ತಿಲ್ಲ, ಪಕ್ಕದ ಸೋಫಾದಲ್ಲಿ ನಗುವವರ ಮೇಲೆ ಹೋಗುತ್ತಿದೆ.

ಟಿವಿಯಲ್ಲಿ ಹೀಗೆ ಸಿಕ್ಕಿಬಿದ್ದವರೆಲ್ಲ ಹೇಳುವುದು ಒಂದೇ: ತಮಾಷೆಗೆ ಅಂದೆ, ಬಾಯಿ ತಪ್ಪಿತು, ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದನ್ನು ಎಷ್ಟು ಮಟ್ಟಿಗೆ ಒಪ್ಪಬೇಕು? ನನ್ನಂಥವರ ನಗು ಯಾವ ಲೆಕ್ಕಕ್ಕೆ?

ಪಡುಬಿದ್ರಿ ಅಕ್ಕ

ತಮ್ಮಾ, ನಾನು ಆ ವರ್ಷ ಲಂಡನ್ನಿನಲ್ಲೇ ನರ್ಸ್ ಆಗಿದ್ದೆ. ನೈಟ್ ಡ್ಯೂಟಿಗೆ ಹೊರಡುವ ಮುಂಚೆ ಕ್ವಾರ್ಟರ್ಸಿನ ಕಾಮನ್ ರೂಮಿನಲ್ಲಿ ಎಲ್ಲರೂ ಅದನ್ನೇ ನೋಡುತ್ತಿದ್ದೆವು.

ಎಲ್ಲರಿಗೂ ನೆನಪಿರುವುದು ಆ ಮನೆಯಲ್ಲಿ ಶಿಲ್ಪಾ ಜೊತೆಗಿದ್ದ ಜೇಡ್ ಗೂಡಿ ಅಂದ ‘ಶಿಲ್ಪಾ ಪಾಪಡಮ್’. ಹಪ್ಪಳ ಅಂತ. ನಿಜ ಹೇಳಬೇಕು ಅಂದರೆ ಅದು ನನಗೆ ಅಷ್ಟೊಂದು ತಾಗಲಿಲ್ಲ. ತಾಗಿದ್ದು ಅದೇ ಮನೆಯಲ್ಲಿದ್ದ ಡೇನಿಯಲ್ ಲಾಯ್ಡ್ ಅನ್ನುವವಳ ಮಾತು. ಶಿಲ್ಪಾ ಅಡುಗೆ ಮಾಡಿದ್ದರ ಬಗ್ಗೆ ಮಾತಾಡುತ್ತಾ, ಇಂಡಿಯಾದಲ್ಲಿ ಕೈಯಲ್ಲೇ ತಿನ್ನುತ್ತಾರಲ್ವಾ, ಅಥವಾ ಅದು ಚೀನಾನಾ, ಆ ಕೈ ಎಲ್ಲೆಲ್ಲಿ ಹೋಗಿರುತ್ತೋ ಯಾರಿಗೆ ಗೊತ್ತು ಅನ್ನುವ ಅರ್ಥದಲ್ಲಿ ಅಂದಳು. ರೂಮಿನಲ್ಲಿ ನಾನು, ಒಬ್ಬಳು ಮಲಯಾಳಿ ಹುಡುಗಿ, ಉಳಿದವರೆಲ್ಲ ಇಲ್ಲಿಯವರು. ಯಾರೂ ಏನೂ ಅನ್ನಲಿಲ್ಲ. ಅವತ್ತು ರಾತ್ರಿ ಎರಡು ಗಂಟೆಗೆ ಬ್ರೇಕಿನಲ್ಲಿ ಡಬ್ಬಿ ತೆಗೆದೆ, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ತೆಗೆದವಳು ಸ್ಪೂನ್ ಹುಡುಕಿದೆ. ಸ್ಪೂನಿನಲ್ಲಿ ಬಂಗುಡೆಯ ಮುಳ್ಳು ಬಿಡಿಸಿ ನೋಡಿ ಒಮ್ಮೆ, ಗೊತ್ತಾಗುತ್ತದೆ ಕಷ್ಟ. ನನಗೆ ಯಾರೂ ಏನೂ ಅಂದಿರಲಿಲ್ಲ, ಟಿವಿಯಲ್ಲಿ ಯಾರೋ ಯಾರಿಗೋ ಅಂದದ್ದು.

ಬಾಯಿ ತಪ್ಪುವ ವಿಷಯಕ್ಕೆ ಬರೋಣ. ಆ ಮನೆಯೊಳಗಿನವರ ಬಾಯಿ ತಪ್ಪಿತು ಅಂತಲೇ ಇಟ್ಟುಕೊಳ್ಳಿ. ಚಾನೆಲ್ಲಿನವರದ್ದು ಏನು ತಪ್ಪಿತು? ದಿನವಿಡೀ ರೆಕಾರ್ಡ್ ಆದದ್ದರಲ್ಲಿ ರಾತ್ರಿ ತೋರಿಸುವುದು ಒಂದು ತಾಸು. ಯಾರೋ ಕೂತು ಇದು ಇರಲಿ, ಇದು ಬೇಡ ಅಂತ ಆರಿಸಿದ್ದಾರಲ್ಲ. ಶುರುವಿನಲ್ಲಿ ಶೋ ತೋರಿಸುತ್ತಿದ್ದ ಚಾನೆಲ್ 4 ಹೇಳಿದ್ದು ಇದು ಸಂಸ್ಕೃತಿ, ವರ್ಗಗಳ ನಡುವಿನ ಜಗಳ, ಜನಾಂಗದ ಬೈಗುಳ ಅಲ್ಲ ಅಂತ. ಆಮೇಲೆ ಟಿವಿಯವರ ಮೇಲೆ ಕಣ್ಣಿಡುವ ಸಂಸ್ಥೆ ಆಫ್‌ಕಾಮಿಗೆ 44 ಸಾವಿರಕ್ಕೂ ಜಾಸ್ತಿ ದೂರು ಬಿದ್ದವು, ಸ್ಪಾನ್ಸರ್ ಆಗಿದ್ದ ಕಾರ್‌ಫೋನ್ ವೇರ್‌ಹೌಸ್ ದುಡ್ಡು ನಿಲ್ಲಿಸಿತು, ಪಟ್ನಾದಲ್ಲಿ ಪ್ರತಿಕೃತಿ ಸುಟ್ಟರು. ಆಗ ಬ್ರಿಟನ್ನಿನ ಹಣಕಾಸು ಮಂತ್ರಿಯಾಗಿದ್ದ ಗಾರ್ಡನ್ ಬ್ರೌನ್ ಅದೇ ವಾರ ಬೆಂಗಳೂರಿಗೆ ಬಂದಿದ್ದರು, ಬಂಡವಾಳ, ವ್ಯಾಪಾರ ಅಂತ ಮಾತಾಡಲು ಬಂದವರು ಬಿಗ್ ಬ್ರದರ್ ಬಗ್ಗೆ ಉತ್ತರ ಕೊಡಬೇಕಾಯಿತು. ಜನವರಿ 19ಕ್ಕೆ ಜೇಡ್ ಹೊರಗೆ, 82 ಪರ್ಸೆಂಟ್ ವೋಟು ಅವಳ ವಿರುದ್ಧ. 28ಕ್ಕೆ ಶಿಲ್ಪಾ 63 ಪರ್ಸೆಂಟ್ ವೋಟು ತೆಗೆದುಕೊಂಡು ಗೆದ್ದರು. ಚಾನೆಲ್ಲಿನದು ತಪ್ಪು ಅಂತ ಆಫ್‌ಕಾಮ್ ತೀರ್ಪು ಕೊಟ್ಟದ್ದು ಮೇ ತಿಂಗಳಲ್ಲಿ.

ಜೇಡ್ ಬಗ್ಗೆ ನನಗೆ ಈಗ ಸಿಟ್ಟಿಲ್ಲ. ಅವಳ ಅಪ್ಪನ ಕಡೆಯವರೇ ಮಿಶ್ರ ಜನಾಂಗದವರು. ಮರುವರ್ಷ ಹಿಂದಿ ಬಿಗ್ ಬಾಸಿಗೆ ಬಂದಳು, ನಡೆಸಿಕೊಡುತ್ತಿದ್ದವರು ಶಿಲ್ಪಾ ಅವರೇ. ಅಲ್ಲಿದ್ದಾಗಲೇ ಕ್ಯಾನ್ಸರ್ ಅಂತ ಗೊತ್ತಾಯಿತು. 2009ರ ಮಾರ್ಚಿನಲ್ಲಿ ತೀರಿಕೊಂಡಳು, ಬರೀ 27 ವರ್ಷ. ಇಡೀ ದೇಶ ತನ್ನ ಪಾಪವನ್ನೆಲ್ಲ ಆ ಒಬ್ಬಳ ತಲೆಗೆ ಕಟ್ಟಿ ಕೈತೊಳೆದುಕೊಂಡಿತು ಅನಿಸುತ್ತದೆ ನನಗೆ. ಪಕ್ಕದಲ್ಲಿ ಕೂತು ಕಿಸಕಿಸ ಅಂದವರ ಹೆಸರು ಈಗ ಎಷ್ಟು ಜನಕ್ಕೆ ನೆನಪಿದೆ ಹೇಳಿ.

ಬೆಣ್ಣೆದೋಸೆ ಭಕ್ತ

ಗುರು, ನನ್ನನ್ನು ಎಲ್ಲರೂ ಬೈತೀರಾ ಅಂತ ಗೊತ್ತು, ಆದರೂ ಹೇಳುತ್ತೇನೆ. ಇದೆಲ್ಲ ಸ್ವಲ್ಪ ಜಾಸ್ತಿ ಆಯಿತು.

ರಾನ್ ಅಟ್ಕಿನ್ಸನ್ ಅಂತ ಫುಟ್ಬಾಲ್ ಮ್ಯಾನೇಜರ್, ಆಮೇಲೆ ಟಿವಿ ಕಾಮೆಂಟೇಟರ್. 2004ರಲ್ಲಿ ಮೊನಾಕೋ-ಚೆಲ್ಸಿ ಮ್ಯಾಚ್ ಮುಗಿದ ಮೇಲೆ ಮೈಕ್ ಆಫ್ ಆಗಿದೆ ಅಂದುಕೊಂಡು ಚೆಲ್ಸಿಯ ಆಟಗಾರ ಮಾರ್ಸೆಲ್ ಡೆಸಾಯಿ ಬಗ್ಗೆ ಸೋಮಾರಿ, ದಡ್ಡ ಅಂತ ಬೈದು ಜೊತೆಗೆ ಕಪ್ಪು ಜನರನ್ನು ಹೀಯಾಳಿಸುವ ಆ ಎನ್ ಅಕ್ಷರದ ಪದ ಸೇರಿಸಿದರು. ಇಂಗ್ಲೆಂಡಿನಲ್ಲಿ ಪ್ರಸಾರ ನಿಂತಿತ್ತು, ಮಧ್ಯಪ್ರಾಚ್ಯದ ಕೆಲವು ಕಡೆ ಇನ್ನೂ ಹೋಗುತ್ತಿತ್ತು. ಅಷ್ಟೇ, ಐಟಿವಿ ಕೆಲಸ ಹೋಯಿತು. ಆದರೆ ಇದೇ ಮನುಷ್ಯ 1970ರ ದಶಕದ ಕೊನೆಗೆ ವೆಸ್ಟ್ ಬ್ರಾಮ್‌ವಿಚ್ ಟೀಮಿನಲ್ಲಿ ಸಿರಿಲ್ ರೆಜಿಸ್, ಲಾರಿ ಕನ್ನಿಂಗ್‌ಹ್ಯಾಮ್, ಬ್ರೆಂಡನ್ ಬ್ಯಾಟ್ಸನ್ ಅನ್ನುವ ಮೂವರು ಕಪ್ಪು ಆಟಗಾರರನ್ನೂ ಒಟ್ಟಿಗೆ ಆಡಿಸಿದವರು. ಸ್ಟೇಡಿಯಮ್ಮಿನಲ್ಲಿ ಜನ ಬಾಳೆಹಣ್ಣು ಎಸೆಯುತ್ತಿದ್ದ ಕಾಲದಲ್ಲಿ! ಆ ಇಡೀ ಕೆಲಸ ಒಂದು ಕಡೆ, ಒಂದು ಪದ ಒಂದು ಕಡೆ. ಯಾವುದು ಭಾರ?

ನಮ್ಮ ಕಡೆ ಕರಿಯ, ಕರಿಯಣ್ಣ ಅಂತ ಪ್ರೀತಿಯಿಂದ ಕರೆಯುತ್ತೇವೆ. ನಮ್ಮ ಸೋದರಮಾವನ ಹೆಸರೇ ಕರಿಬಸಪ್ಪ. ಯಾರೂ ಕೇಸ್ ಹಾಕಿಲ್ಲ. ಆ ಸ್ವೆಟರ್ ಕೊಟ್ಟ ಮನುಷ್ಯನನ್ನು ಹೋಗಿ ಕಟಕಟೆಗೆ ನಿಲ್ಲಿಸಬೇಡ ಮಾರಾಯ.

ಕಿವಿ ಕನ್ನಡಿಗ

ಬೆಣ್ಣೆದೋಸೆ ಅವರೇ, ನಿಮ್ಮ ಅಟ್ಕಿನ್ಸನ್ ಉದಾಹರಣೆ ಒಳ್ಳೆಯದು, ಆದರೆ ಅದು ನಿಮ್ಮ ವಾದಕ್ಕೇ ಉಲ್ಟಾ ಹೊಡೆಯುತ್ತದೆ. ಮೈಕ್ ಆಫ್ ಆಗಿದೆ ಅಂದುಕೊಂಡು ಅಂದರು ಅಂದಮೇಲೆ, ಆನ್ ಇದ್ದಾಗ ಅನ್ನಬಾರದು ಅಂತ ಅವರಿಗೆ ಗೊತ್ತಿತ್ತು. ಅಲ್ಲಿ ಬಾಯಿ ತಪ್ಪಲಿಲ್ಲ ಸಾರ್, ಸ್ವಿಚ್ ತಪ್ಪಿತು.

ಇನ್ನೊಂದು ಜಾತಿ ಇದೆ, ಮೈಕ್ ಆನ್ ಇದೆ ಅಂತ ಗೊತ್ತಿದ್ದೇ ಅನ್ನುವವರು. ನಮ್ಮ ನ್ಯೂಜಿಲೆಂಡಿನ ಪಾಲ್ ಹೆನ್ರಿ ಅಂಥವರು. ಇಲ್ಲಿನ ಸರ್ಕಾರಿ ಟಿವಿ ಟಿವಿಎನ್‌ಜೆಡ್‌ನಲ್ಲಿ ಬೆಳಗಿನ ಕಾರ್ಯಕ್ರಮ ಮಾಡುತ್ತಿದ್ದರು. 2010ರ ಅಕ್ಟೋಬರಿನಲ್ಲಿ ಪ್ರಧಾನಿ ಜಾನ್ ಕೀ ಅವರನ್ನು ಲೈವ್‌ನಲ್ಲೇ ಕೇಳಿದರು, ಮುಂದಿನ ಗವರ್ನರ್ ಜನರಲ್ ಆದರೂ ನೋಡಲು, ಕೇಳಲು ನ್ಯೂಜಿಲೆಂಡಿನವರ ಹಾಗೆ ಇರುತ್ತಾರಾ ಅಂತ. ಆಗ ಆ ಹುದ್ದೆಯಲ್ಲಿದ್ದವರು ಸರ್ ಆನಂದ್ ಸತ್ಯಾನಂದ್. ಹುಟ್ಟಿದ್ದು ಆಕ್ಲೆಂಡಿನಲ್ಲೇ, ಅಪ್ಪ ಅಮ್ಮ ಫಿಜಿ ಭಾರತೀಯರು. ಚಾನೆಲ್ಲಿನ ಮೊದಲ ಪ್ರತಿಕ್ರಿಯೆ ಏನು ಗೊತ್ತಾ? ನಾವೆಲ್ಲ ಒಳಗೊಳಗೇ ಅಂದುಕೊಂಡು ಹೇಳಲು ಹೆದರುವುದನ್ನು ಪಾಲ್ ಹೇಳುತ್ತಾರೆ, ಅದಕ್ಕೇ ವೀಕ್ಷಕರಿಗೆ ಇಷ್ಟ ಅಂತ. ಅಂದರೆ ಅದು ಅವರ ಪ್ರಕಾರ ತಪ್ಪೇ ಅಲ್ಲ, ಸರಕು.

ಅದಾದ ಮೇಲೆ ಶೀಲಾ ದೀಕ್ಷಿತ್ ಅವರ ಹೆಸರಿನ ಮೇಲೆ ಮಾಡಿದ ತಮಾಷೆಯ ಕ್ಲಿಪ್ ಹೊರಬಿತ್ತು. ದೆಹಲಿಯ ಕಾಮನ್‌ವೆಲ್ತ್ ಗೇಮ್ಸ್ ಸಮಯ, ಅವರು ಅಲ್ಲಿ ಮುಖ್ಯಮಂತ್ರಿ. ಆ ಹೆಸರನ್ನು ಇಂಗ್ಲಿಷಿನಲ್ಲಿ ಒಡೆದು ಎರಡು ಕೆಟ್ಟ ಪದ ಮಾಡಿ, ಮತ್ತೆ ಮತ್ತೆ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾರತ ನ್ಯೂಜಿಲೆಂಡಿನ ಹೈಕಮಿಷನರನ್ನು ಕರೆಸಿ ಆಕ್ಷೇಪ ಹೇಳಿತು, ಹೆನ್ರಿ ರಾಜೀನಾಮೆ ಕೊಟ್ಟರು. ಹೆಚ್ಚು ದಿನ ಹೋಗಲಿಲ್ಲ, ಇನ್ನೊಂದು ಚಾನೆಲ್ಲಿನಲ್ಲಿ ಮತ್ತೆ ಬಂದರು. ಕೆಲಸ ಹೋಯಿತು ಅಂತ ಅಳುವವರು ಇದನ್ನೂ ನೋಡಿ.

ನಮ್ಮ ಊರಿನ ದೇವಸ್ಥಾನದ ಬೀದಿಯಲ್ಲೇ ಮೂರು ಮನೆ ದೀಕ್ಷಿತರಿದ್ದಾರೆ. ಇಲ್ಲಿ ನನಗೆ ಪರಿಚಯದ ಒಂದು ಮನೆಯ ಹುಡುಗ ಆಗ ಎಂಟನೇ ಕ್ಲಾಸು. ಕ್ಲಾಸಿನಲ್ಲಿ ಹಾಜರಿ ಕೂಗುವಾಗ ಅವನ ಹೆಸರು ಬರುವ ಮುಂಚೆಯೇ ಹಿಂದಿನ ಬೆಂಚಿನಿಂದ ನಗು ಶುರುವಾಗುತ್ತಿತ್ತಂತೆ. ಅವನು ಟೀಚರಿಗೆ ಹೋಗಿ ಹೇಳಿದ್ದು ಇಷ್ಟೇ, ‘ನನ್ನ ಹೆಸರು ಕೂಗಬೇಡಿ ಮಿಸ್, ನಾನು ಬಂದಿದ್ದೀನಿ ಅಂತ ನೀವೇ ನೋಡಿ ಬರೆದುಕೊಳ್ಳಿ.’

ಧಾರವಾಡ ಪೇಢೆ

ಕರಿಯ ಅನ್ನೋದು ಪ್ರೀತಿ ಅಂದವರಿಗೆ ನಂದೊಂದು ಕಥಿ ಅದ.

ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಯಲ್ಲಾಪುರದ ಕಡೆಯ ಸಿದ್ದಿ ಹುಡುಗ. ಗೊತ್ತಿಲ್ಲದವರಿಗೆ: ಸಿದ್ದಿಯರ ಪೂರ್ವಜರು ಆಫ್ರಿಕಾದಿಂದ ಬಂದವರು, ಅವರಲ್ಲಿ ಬಹಳಷ್ಟು ಜನರನ್ನು ಗುಲಾಮರಾಗಿ ತಂದದ್ದು, ನೂರಾರು ವರ್ಷದಿಂದ ಉತ್ತರ ಕನ್ನಡದ ಕಾಡಿನ ಊರುಗಳಲ್ಲಿದ್ದಾರೆ. ಹಳಿಯಾಳ, ಯಲ್ಲಾಪುರ, ಅಂಕೋಲಾ ಆ ಕಡೆ. ಇವನ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು. ಮೆಸ್ಸಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅವನು ‘ವೆಸ್ಟ್ ಇಂಡೀಸ್’. ‘ಏ ವೆಸ್ಟ್ ಇಂಡೀಸ್, ಸಾರು ದಾಟಿಸು.’ ಮೂರು ವರ್ಷ. ಅವನೂ ನಗುತ್ತಿದ್ದ, ಅದಕ್ಕೇ ಅವನಿಗೇನೂ ಅನಿಸುವುದಿಲ್ಲ ಅಂತ ನಾವು ತಿಳಿದಿದ್ದೆವು. ಹೊರಡುವ ದಿನ ಎಲ್ಲರೂ ಒಬ್ಬರ ಆಟೋಗ್ರಾಫ್ ಪುಸ್ತಕದಲ್ಲಿ ಇನ್ನೊಬ್ಬರು ಬರೆದರು. ರಾತ್ರಿ ಅವನು ತನ್ನದನ್ನು ನನ್ನ ಮಂಚದ ಮೇಲೆ ಇಟ್ಟು, ‘ಇದರಾಗ ನನ್ನ ಹೆಸರು ಎಲ್ಲ್ಯಾದರೂ ಅದ ಏನು ನೋಡು’ ಅಂದ. ಪುಟ ತಿರುವಿದೆ. ಇರಲಿಲ್ಲ. ನಾನು ಬರೆದ ಪುಟದಲ್ಲೂ ಇರಲಿಲ್ಲ.

2020ರಲ್ಲಿ ವೆಸ್ಟ್ ಇಂಡೀಸ್ ಕ್ರಿಕೆಟಿಗ ಡ್ಯಾರೆನ್ ಸ್ಯಾಮಿ ಇದನ್ನೇ ಅಲ್ವಾ ಹೇಳಿದ್ದು? ಸನ್‌ರೈಸರ್ಸ್‌ನಲ್ಲಿ ಆಡುವಾಗ ತನ್ನನ್ನು ‘ಕಾಲು’ (ಹಿಂದಿಯಲ್ಲಿ ಕರಿಯ ಅಂತ) ಅನ್ನುತ್ತಿದ್ದರು, ಬಲಶಾಲಿ ಕುದುರೆ ಅಂತ ಅರ್ಥ ಅಂದುಕೊಂಡಿದ್ದೆ ಅಂತ. ಅರ್ಥ ಗೊತ್ತಾಗಲು ಆರೇಳು ವರ್ಷ ಬೇಕಾಯಿತು.

ಇನ್ನು ಟಿವಿ ವಿಷಯ. ಇಂಗ್ಲೆಂಡ್, ನ್ಯೂಜಿಲೆಂಡ್ ಯಾಕೆ? 2021ರ ನವೆಂಬರಿನಲ್ಲಿ ಹಿಂದಿಯ ಡಾನ್ಸ್ ಶೋ ‘ಡಾನ್ಸ್ ದೀವಾನೆ’ಯ ಕ್ಲಿಪ್ ಓಡಾಡಿತಲ್ಲ. ಅಸ್ಸಾಮಿನ ಪುಟ್ಟ ಹುಡುಗಿಯನ್ನು ವೇದಿಕೆಗೆ ಕರೆಯುವಾಗ ನಿರೂಪಕ ರಾಘವ್ ಜುಯಾಲ್ ಮೊಮೊ, ಚೌಮೀನ್, ಚಿಂಗ್ ಚಾಂಗ್ ಅಂತ ಚೈನೀಸ್ ಥರ ಏನೇನೋ ಅಂದರು. ಸೆಟ್ಟಿನಲ್ಲಿ ನಗು. ಅಸ್ಸಾಂ ಮುಖ್ಯಮಂತ್ರಿ ಹಿಮಂತ ಬಿಸ್ವ ಶರ್ಮಾ ಖಂಡಿಸಿದ ಮೇಲೆ ಅವರು ಕ್ಷಮೆ ಕೇಳಿದರು. ಆ ಮಗುವೇ ತನಗೆ ಚೈನೀಸ್ ಬರುತ್ತದೆ ಅಂತ ಆಟ ಆಡಿತ್ತು, ಅದನ್ನೇ ಮುಂದುವರಿಸಿದೆ ಅಂತಲೂ ಹೇಳಿದರು. ಇರಬಹುದು, ಮಕ್ಕಳು ಆಡುತ್ತವೆ. ಆದರೆ ಅದು ಲೈವ್ ಶೋ ಅಲ್ಲ. ಅಕ್ಕ ಹೇಳಿದ ಹಾಗೆ ಎಡಿಟ್ ಟೇಬಲ್ಲಿನಲ್ಲಿ ಕತ್ತರಿ ಇತ್ತು.

ಬೆಣ್ಣೆದೋಸೆ ಭಕ್ತ

ಪೇಢೆ ಸಾರ್, ಆಟೋಗ್ರಾಫ್ ವಿಷಯ ಓದಿ ಸುಮ್ಮನಾದೆ. ನಮ್ಮ ಮಾವನ ಹೆಸರು ದೇವರದ್ದು, ಅದನ್ನು ಇದರ ಜೊತೆ ಸೇರಿಸಿದ್ದು ನನ್ನದೇ ತಪ್ಪು. ಅಟ್ಕಿನ್ಸನ್ ವಿಷಯ ಮಾತ್ರ ಈಗಲೂ ಒಪ್ಪುವುದಿಲ್ಲ.

ಪಡುಬಿದ್ರಿ ಅಕ್ಕ

ಒಪ್ಪಬೇಡಿ, ಪರವಾಗಿಲ್ಲ :) ನಗದೆ ಇದ್ದವರ ಉದಾಹರಣೆಯೂ ಒಂದಿದೆ. 2009ರಲ್ಲಿ ಮಾರ್ಗರೆಟ್ ಥ್ಯಾಚರ್ ಮಗಳು ಕ್ಯಾರಲ್ ಥ್ಯಾಚರ್, ಬಿಬಿಸಿಯ ಒಂದು ಶೋ ಮುಗಿದ ಮೇಲೆ ಒಳಗಿನ ರೂಮಿನಲ್ಲಿ ಕೂತು ಒಬ್ಬ ಟೆನಿಸ್ ಆಟಗಾರನನ್ನು ಗಾಲಿವಾಗ್ ಅಂದರು. ಗಾಲಿವಾಗ್ ಅಂದರೆ ಕಪ್ಪು ಮುಖ, ದಪ್ಪ ತುಟಿ, ಕೆದರಿದ ಕೂದಲಿನ ಹಳೆಯ ಬಟ್ಟೆ ಗೊಂಬೆ, ಹಿಂದೆ ಇಲ್ಲಿ ಜಾಮ್ ಬಾಟಲಿ ಮೇಲೂ ಇರುತ್ತಿತ್ತು. ಕ್ಯಾಮೆರಾ ಇರಲಿಲ್ಲ. ಅಲ್ಲಿದ್ದ ಕೆಲವರಿಗೆ ಸರಿ ಬರಲಿಲ್ಲ, ವಿಷಯ ಮೇಲಿನವರೆಗೆ ಹೋಯಿತು, ಆ ಶೋನಿಂದ ಅವರನ್ನು ತೆಗೆದರು. ಖಾಸಗಿ ಮಾತು ಹೊರಗೆ ತಂದರು ಅಂತ ಅರ್ಧ ದೇಶ ಬೈಯಿತು, ಅದು ಬೇರೆ.

ತಮ್ಮಾ, ದೂರು ಗೀರು ಬೇಡ. ಮುಂದಿನ ಸಲ ನಗಬೇಡ. ಅದೇ ಕಷ್ಟದ ಕೆಲಸ, ಮಾಡಿ ನೋಡು.

ಹಾಸನದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಪೇಢೆ ಸಾರ್, ನಿಮ್ಮದನ್ನು ಹೆಂಡತಿಗೆ ಓದಿ ಹೇಳಿದೆ, ಅವಳು ಏನೂ ಮಾತಾಡಲಿಲ್ಲ.

ಅಪ್‌ಡೇಟ್: ಇವತ್ತು ಮತ್ತೆ ಹಾಲು ಖಾಲಿ. (ಯಾರು ಇಷ್ಟು ಕುಡಿಯುತ್ತಾರೋ ಗೊತ್ತಿಲ್ಲ.) ಅವರು ಮತ್ತೆ ಅದೇ ಪದ ಅಂದರು, ಈ ಸಲ ಕಣ್ಣು ಹೊಡೆಯಲೂ ಇಲ್ಲ, ಅಷ್ಟು ಸಲೀಸಾಗಿ. ಅಕ್ಕ ಹೇಳಿದ ಹಾಗೆ ನಾನು ನಗಲಿಲ್ಲ. ನಗದೆ ಸುಮ್ಮನೆ ನಿಂತರೆ ಸಾಕು ಅಂದುಕೊಂಡಿದ್ದೆ, ಆದರೆ ಬಾಯಿಗೆ ಬಂದೇ ಬಿಟ್ಟಿತು, ‘ಬೋರ್ಡಿನಲ್ಲಿ ಅಂಗಡಿಯ ಹೆಸರಿದೆಯಲ್ಲ’ ಅಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು. ಅವರು ಕೋಟಿನ ಒಂದು ತೋಳು ಹಾಕಿದ್ದರು, ಇನ್ನೊಂದು ತೋಳು ಹಾಗೇ ನೇತಾಡುತ್ತಿತ್ತು. ‘ನಮ್ಮಪ್ಪ ಹಾಗೇ ಅನ್ನುತ್ತಿದ್ದರು’ ಅಂದರು. ಕೋಟು ತೆಗೆದು ಹೋಗಿ ಕೂತರು. ಸಂಜೆವರೆಗೆ ನನ್ನ ಹತ್ತಿರ ಮಾತಾಡಿಲ್ಲ.

ಹಾಲು ನಾನೇ ಹೋಗಿ ತಂದೆ.