ಸ್ವಾವಲಂಬನೆ ಅಂದ್ರ ಒಂಟಿ ಬದುಕೇನ್ರಿ?

ಎಂ.ಎ. ವಿದ್ಯಾರ್ಥಿನಿ, ಕೊಪ್ಪಳ: ಅಮೆರಿಕದ ಲೇಖಕರಾದ ಎಮರ್ಸನ್, ಥೋರೊ ಬಗ್ಗೆ ಸೆಮಿನಾರ್ ಐತ್ರಿ. ಊರು ಬಿಟ್ಟು ಕಾಡು ಸೇರೋದೇ ಸ್ವಾವಲಂಬನೆ ಅಂತ ವಾದಿಸಬಹುದಾ?

ಉಪನ್ಯಾಸಕ, ರಾಯಚೂರು: ಬ್ಯಾಡವ್ವಾ, ಅಲ್ಲೇ ವಾದ ಮುರೀತದ. ಎಮರ್ಸನ್‌ನ 1841ರ ‘ಸೆಲ್ಫ್-ರಿಲಯನ್ಸ್’ (ಸ್ವಾವಲಂಬನೆ) ಪ್ರಬಂಧ ಕೇಳೋದು ಗುಂಪಿನ ನಡುವೆನೂ ಸ್ವಂತ ವಿವೇಕ ಬಿಡದಿರೋದು. ಥೋರೊ 1845ರ ಜುಲೈ 4ಕ್ಕ ಕಾಡಿನ್ಯಾಗಿನ ವಾಲ್ಡನ್ ಕೊಳದ ದಂಡಿಗೆ ಇರಾಕ ಹೋದದ್ದು ಖರೆ. ಆದ್ರ ಜಾಗ ಎಮರ್ಸನ್‌ದು, ಮನಿ ಚೌಕಟ್ಟು ಎತ್ತಾಕ ಗೆಳೆಯರು ಬಂದಿದ್ರು. ಮನಿ ಕಟ್ಟಿದ ಖರ್ಚು 28 ಡಾಲರ್ 12½ ಸೆಂಟ್ ಅಂತ ಲೆಕ್ಕನೂ ಇಟ್ಟಾನ. ಆ ಲೆಕ್ಕದ ಭಾಗ ಬಿಡಬ್ಯಾಡ.

ಓದುಗ, ಬಳ್ಳಾರಿ: ಮೊದಲು ಎಮರ್ಸನ್‌ನ 1836ರ ‘ನೇಚರ್’ ಓದ್ರಿ. ನಿಸರ್ಗ ಅಲ್ಲಿ ಸರಕು, ಚೆಲುವು, ಭಾಷೆ, ಶಿಸ್ತು ಅಂತ ಮೆಟ್ಟಿಲೇರ್ತದ. ತುಂಗಭದ್ರಾ ಕಾಲುವೆಗೆ ಹಚ್ಚಿ ನೋಡ್ರಿ: ಭತ್ತಕ್ಕ ನೀರು ಸರಕು, ಸಂಜಿ ಹೊಳಪು ಚೆಲುವು, ‘ಮನಸು ತಿಳಿಯಾತು’ ಅನ್ನೋದು ನೀರು ಕೊಟ್ಟ ಭಾಷೆ. ಅತಿ ನೀರು ಬಿಟ್ರ ಹೊಲ ಸವಳಾಗ್ತದಲ್ಲ, ಅದು ನೀರು ಕಲಿಸೋ ಶಿಸ್ತು.