ಮೊದಲ ವರ್ಷದ ಶುಲ್ಕವನ್ನು ನಾಲ್ಕರಿಂದ ಗುಣಿಸಿ ಸಾಲ ತೆಗೆದರೆ ಸಾಲುತ್ತದೆಯೇ?

ಪ್ರಶ್ನೆ: ನಾಲ್ಕು ವರ್ಷದ ಕೋರ್ಸು. ಕಾಲೇಜು ಹೇಳಿರುವುದು ಮೊದಲ ವರ್ಷದ ಶುಲ್ಕ ಮಾತ್ರ, ಮುಂದಿನದಕ್ಕೆ ‘ಕಾಲಕಾಲಕ್ಕೆ ಪರಿಷ್ಕರಿಸಲಾಗುವುದು’ ಅಂತ ಒಂದು ಸಾಲು ಇದೆ. ಅದನ್ನೇ ನಾಲ್ಕರಿಂದ ಗುಣಿಸಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಬಹುದೇ? ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲವಂತೆ. ಬಡ್ಡಿಯೂ ಇಲ್ಲವೇ?

ಬಾಯಿಲೆಕ್ಕ: ಸಾಲುವುದಿಲ್ಲ. ಮೊದಲ ವರ್ಷದ ಶುಲ್ಕ 100 ಅಂದುಕೊಳ್ಳಿ. ವರ್ಷಕ್ಕೆ ಶೇ. 10 ಏರಿದರೆ 100, 110, 121, 133.1, ಒಟ್ಟು 464. ನೀವು ಮಂಜೂರು ಮಾಡಿಸಿಕೊಂಡದ್ದು 400. ಕೊರತೆಯ 64 ಎದುರಾಗುವುದು ಕೊನೆಯ ವರ್ಷದಲ್ಲಿ, ಕೋರ್ಸು ಬಿಡಲೂ ಆಗದ ಹೊತ್ತಿನಲ್ಲಿ. ಹೆಚ್ಚುವರಿ ಸಾಲಕ್ಕೆ ಮತ್ತೆ ಅರ್ಜಿ, ಮತ್ತೆ ಜಾಮೀನು. ಅಷ್ಟರಲ್ಲಿ ಪರೀಕ್ಷಾ ಶುಲ್ಕದ ಕೊನೇ ದಿನ ದಾಟಿರುತ್ತದೆ. ಮೊದಲೇ ಏರಿಕೆ ಸೇರಿಸಿ ಮಂಜೂರು ಮಾಡಿಸಿ, ಬೇಕಾದಷ್ಟೇ ಬಿಡುಗಡೆ ಮಾಡಿಸಿಕೊಳ್ಳಿ. ಸಾಮಾನ್ಯವಾಗಿ ಬಿಡುಗಡೆಯಾದ ಹಣಕ್ಕಷ್ಟೇ ಬಡ್ಡಿ ಬೀಳುತ್ತದೆ.

ಕಂತುಗಾರ: ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಮೇಲಿನ ಲೆಕ್ಕಕ್ಕೇ ಶೇ. 10 ಸರಳ ಬಡ್ಡಿ ಹಾಕಿ: ಮೊದಲ ವರ್ಷ 10, ಆಮೇಲೆ 21, 33, 46, ಕಾಯುವ ವರ್ಷದಲ್ಲಿ ಇನ್ನೊಂದು 46. ಹೆಚ್ಚುಕಡಿಮೆ 157. ಕಂತು ಶುರುವಾಗುವ ದಿನ ಇದು ಅಸಲಿಗೆ ಸೇರಿ 621 ಆಗುತ್ತದೆ, ಅಲ್ಲಿಂದ ಬಡ್ಡಿಗೂ ಬಡ್ಡಿ. 120 ತಿಂಗಳಲ್ಲಿ ತೀರಿಸಿದರೆ ಕಟ್ಟುವುದು ಸುಮಾರು 985.

ಆಯಾ ವರ್ಷದ ಬಡ್ಡಿ ಆಗಲೇ ಕಟ್ಟಿದರೆ ಅಸಲು 464ರಲ್ಲೇ ನಿಲ್ಲುತ್ತದೆ, ಎಲ್ಲ ಸೇರಿ 893. ಉಳಿತಾಯ 92, ಹತ್ತಿರ ಹತ್ತಿರ ಮೊದಲ ವರ್ಷದ ಶುಲ್ಕ! ಕಟ್ಟುವಾಗ ‘ಬಡ್ಡಿಗೆ ಜಮಾ’ ಅಂತ ಬರೆಸಿ, ರಸೀದಿ ಇಟ್ಟುಕೊಳ್ಳಿ. ಓದುವ ಅವಧಿಯಲ್ಲಿ ಸರಳ ಬಡ್ಡಿಯೋ ಚಕ್ರಬಡ್ಡಿಯೋ ಎಂಬುದನ್ನೂ ಕರಾರಿನಲ್ಲಿ ನೋಡಿ. ಚಕ್ರಬಡ್ಡಿಯಾದರೆ 621ರ ಜಾಗದಲ್ಲಿ 644 ಇರುತ್ತದೆ.

ಕಡತ: ವಿದ್ಯಾರ್ಥಿವೇತನ ಇದ್ದರೆ ಅದು ಶೇಕಡಾವಾರೋ ನಿಗದಿ ಮೊತ್ತವೋ ಕೇಳಿ. ನಿಗದಿ 40 ಅಂದರೆ ಮೊದಲ ವರ್ಷ ಕೈಯಿಂದ 60. ನಾಲ್ಕನೇ ವರ್ಷ 133 ಕಳೆ 40, ಅಂದರೆ 93. ಶುಲ್ಕ ಏರಿದ್ದು ಶೇ. 33, ನಿಮ್ಮ ಹೊರೆ ಏರಿದ್ದು ಶೇ. 55. ಅಂಕದ ಷರತ್ತು ಇದ್ದರೆ, ಒಂದು ಸೆಮಿಸ್ಟರ್ ತಪ್ಪಿದಾಗ ಆ ಸೆಮಿಸ್ಟರಿನದ್ದಷ್ಟೇ ಹೋಗುತ್ತದೋ, ಪೂರ್ತಿ ರದ್ದೋ? ಬರವಣಿಗೆಯಲ್ಲೇ ಕೇಳಿ. ಕೌಂಟರಿನಲ್ಲಿ ಕೂತವರ ಬಾಯಿಮಾತಿಗೆ ಬೆಲೆಯಿಲ್ಲ.

ಇನ್ನು ಶುಲ್ಕ ಯಾಕೆ ಏರುತ್ತಲೇ ಇರುತ್ತದೆ ಅಂದರೆ, ಒಂದು ಗಂಟೆಯ ಪಾಠಕ್ಕೆ ಇವತ್ತಿಗೂ ಒಂದು ಗಂಟೆಯೇ ಬೇಕು, ಸಂಬಳ ಮಾತ್ರ ಉಳಿದ ಉದ್ಯೋಗಗಳ ಜೊತೆ ಏರಲೇಬೇಕು. ಅರ್ಥಶಾಸ್ತ್ರಜ್ಞರಾದ ಬೌಮಾಲ್ ಮತ್ತು ಬೋವೆನ್ 1960ರ ದಶಕದಲ್ಲಿ ಸಂಗೀತ, ನಾಟಕಗಳ ಬಗ್ಗೆ ಹೇಳಿದ್ದು ತರಗತಿಗೂ ಒಪ್ಪುತ್ತದೆ. ಅನುದಾನ ಕಡಿತವಾದರೆ ಏರಿಕೆ ಜಿಗಿತವಾಗುತ್ತದೆ. ಇಂಗ್ಲೆಂಡಿನಲ್ಲಿ 2012ರಲ್ಲಿ ಶುಲ್ಕದ ಮಿತಿ 3,375 ಪೌಂಡಿನಿಂದ 9,000ಕ್ಕೆ ಹೋದದ್ದು ಹಾಗೆಯೇ.

ಪ್ರಶ್ನೆ ಕೇಳಿದವರು: ಹಾಗಾದರೆ ಅರೆಕಾಲಿಕ ಕೆಲಸ ಮಾಡಿ ಬಡ್ಡಿ ಕಟ್ಟುವುದು ಒಳ್ಳೆಯದಲ್ಲವೇ?

ಬಾಯಿಲೆಕ್ಕ: ಓದಿಗೆ ಧಕ್ಕೆ ಬರದಿದ್ದರೆ ಮಾತ್ರ. ಕೆಲಸದ ಭಾರಕ್ಕೆ ಕೊನೆಯ ವರ್ಷದ ಒಂದು ಸೆಮಿಸ್ಟರ್ ಮತ್ತೆ ಓದಬೇಕಾಗಿ ಬಂದರೆ 66 ಹೋಯಿತು, ಜೊತೆಗೆ ಆರು ತಿಂಗಳ ಸಂಬಳ. ಕಂತುಗಾರರು ಹೇಳಿದ 92 ಅಲ್ಲೇ ಕರಗಿತು. ಮೊದಲೆರಡು ವರ್ಷದ ಬಡ್ಡಿ 10, 21. ಅಷ್ಟು ರಜೆಯ ದುಡಿಮೆಯಲ್ಲಿ ಹೊಂದಿದರೆ ಕಟ್ಟಿ. ಕೊನೆಯ ವರ್ಷದ 46ಕ್ಕೆ ಕೈ ಹಾಕಬೇಡಿ.

ಕಂತುಗಾರ: ಒಪ್ಪಿದೆ. ಕಾಯುವ ವರ್ಷದಲ್ಲಿ ಕೆಲಸ ಸಿಕ್ಕರೆ ಆ 46 ಮೊದಲು ಕಟ್ಟಿಬಿಡಿ.