ಬೌನ್ಸ್ ರೇಟ್‌ಗೆ ‘ಇಣುಕು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಅಕ್ಕ ಮತ್ತು ನಾನು ಸೇರಿ ಮಲೆನಾಡಿನ ಅಡುಗೆಯ ಒಂದು ಜಾಲತಾಣ ನಡೆಸುತ್ತೇವೆ. ಬರೆಯುವುದು ಅಕ್ಕ. ಎಷ್ಟು ಜನ ಬಂದರು, ಏನು ಓದಿದರು ಎಂಬ ಲೆಕ್ಕ ನನ್ನದು. ತಿಂಗಳಿಗೊಮ್ಮೆ ಅದನ್ನು ಕನ್ನಡದಲ್ಲಿ ಪಟ್ಟಿ ಮಾಡಿ ಕೊಡುತ್ತೇನೆ. ತಾಣಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿ 2023ರ ಜುಲೈ 1ಕ್ಕೆ ಲೆಕ್ಕ ಹಿಡಿಯುವುದನ್ನು ನಿಲ್ಲಿಸಿತಲ್ಲ, ಆಗ ನಾವೂ ಅದರ ಹೊಸ ಆವೃತ್ತಿ ಜಿಎ4ಕ್ಕೆ ಬಂದೆವು. ಹೊಸ ಪರದೆಗೆ ಹೇಗೋ ಹೊಂದಿಕೊಂಡೆ. ಸಿಕ್ಕಿಹಾಕಿಕೊಂಡಿದ್ದು ಅದರ ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುವುದರಲ್ಲಿ.

ಹಳೆಯದರಲ್ಲಿ ಬೌನ್ಸ್ ಎಂದರೆ ಒಂದೇ ಪುಟ ತೆರೆದು, ಮತ್ತೇನೂ ಒತ್ತದೆ ಹೊರಟ ಭೇಟಿ. ನಮ್ಮಲ್ಲಿ ಕಳಲೆಯ ಬಗ್ಗೆ ಒಂದು ಬರಹವಿದೆ. ಹೇಗೆ ಹೆಚ್ಚಬೇಕು, ನೀರು ಬದಲಿಸುತ್ತ ಎಷ್ಟು ದಿನ ನೆನೆಸಬೇಕು, ಎಲ್ಲ ಅದರಲ್ಲೇ ಇದೆ. ಒಬ್ಬರು ಹುಡುಕಿಕೊಂಡು ಬಂದು, ಎಂಟು ನಿಮಿಷ ಕೂತು ಓದಿ, ಅಡುಗೆಮನೆಗೆ ಹೋದರು ಅನ್ನಿ. ಅದೂ ಬೌನ್ಸೇ. ಅವರು ಓದಿದ ಹೊತ್ತು ಲೆಕ್ಕದಲ್ಲಿ ಸೊನ್ನೆ ಸೆಕೆಂಡು! ಅದಕ್ಕೇ ನಾನು ‘ಬಂದ ದಾರಿಗೆ ಸುಂಕವಿಲ್ಲ’ ಎಂದು ಹೋದವರ ಸಾಲಿಗೆ ಅವರನ್ನು ಸೇರಿಸದೆ, ‘ಒಂದೇ ಪುಟ ನೋಡಿದವರು’ ಎಂದು ಬರೆಯುತ್ತಿದ್ದೆ.

ಒಟ್ಟು ಭೇಟಿಗಳಲ್ಲಿ ಶೇಕಡಾ ಎಷ್ಟು ಬೌನ್ಸ್ ಎಂಬುದೇ ಬೌನ್ಸ್ ರೇಟ್. ಜಿಎ4ರಲ್ಲಿ ಅದು ಮೊದಲು ಇರಲಿಲ್ಲ, 2022ರಲ್ಲಿ ಮತ್ತೆ ಸೇರಿತು. ಹೆಸರು ಅದೇ, ಅರ್ಥ ಬೇರೆ. ಈಗ ಭೇಟಿ ಹತ್ತು ಸೆಕೆಂಡಿಗಿಂತ ಜಾಸ್ತಿ ನಡೆದರೆ, ಇಲ್ಲವೇ ಎರಡು ಪುಟ ತೆರೆದರೆ, ಇಲ್ಲವೇ ನಾವು ಮುಖ್ಯ ಎಂದು ಗುರುತು ಮಾಡಿದ್ದೇನಾದರೂ ನಡೆದರೆ ಅದು ಎಂಗೇಜ್ಡ್ ಸೆಷನ್. ಇದಾವುದೂ ಆಗದಿದ್ದರೆ ಬೌನ್ಸ್. ನಾನು ಇದನ್ನು ಗಮನಿಸದೆ ಹಳೆಯ ತಲೆಬರಹವನ್ನೇ ಉಳಿಸಿಕೊಂಡೆ. ಅಂಕಿ ಅರ್ಧಕ್ಕರ್ಧ ಇಳಿಯಿತು. ಅಕ್ಕ ಪಟ್ಟಿ ನೋಡಿ, “ಹಾಗಾದ್ರೆ ಜನ ಈಗ ಇನ್ನೊಂದು ಪುಟನೂ ಓದ್ತಿದಾರೆ ಅಲ್ವಾ?” ಎಂದು ಖುಷಿಪಟ್ಟಳು. ಅದೇ ನಂಬಿಕೆಯಲ್ಲಿ ಒಂದು ಉದ್ದದ ಬರಹವನ್ನು ಎರಡು ಪುಟ ಮಾಡಿ ಹಾಕಿದಳು. ಎರಡನೆಯ ಪುಟಕ್ಕೆ ಹೆಚ್ಚಿನವರು ಬರಲೇ ಇಲ್ಲ. ಅವಳ ಎರಡು ದಿನದ ಕೆಲಸ ನನ್ನ ಒಂದು ತಲೆಬರಹದಿಂದ ಹಾಳಾಯಿತಲ್ಲ ಎಂದು ಇವತ್ತಿಗೂ ಬೇಜಾರಿದೆ.

ಈಗ ನನಗೆ ತೋಚಿರುವುದು ‘ಇಣುಕು’. ಬಾಗಿಲಲ್ಲಿ ಇಣುಕಿ ಹೋದವರು. ಹಳೆಯ ಲೆಕ್ಕಕ್ಕೆ ಈ ಮಾತು ಅನ್ಯಾಯವಾಗುತ್ತಿತ್ತು, ಹೊಸದಕ್ಕೆ ಸರಿಹೊಂದುತ್ತದೆ. ಕಳಲೆ ಓದಿದವರು ಇದರಲ್ಲಿ ಬರುವುದಿಲ್ಲ. ಬೌನ್ಸ್ ರೇಟ್ ‘ಇಣುಕಿನ ಪ್ರಮಾಣ’ ಆದೀತೇ?

ಎಂಗೇಜ್ಡ್ ಸೆಷನ್ ಇನ್ನೂ ಕಷ್ಟ. ಎಂಗೇಜ್‌ಮೆಂಟ್ ಎಂದರೆ ನಮ್ಮ ಮನೆಗಳಲ್ಲಿ ನಿಶ್ಚಿತಾರ್ಥ. ‘ತೊಡಗಿಕೊಂಡ ಭೇಟಿ’ ಬಾಯಿಗೆ ಬರುವುದಿಲ್ಲ. ‘ಆಸಕ್ತ’ ಎನ್ನೋಣವೆಂದರೆ ಹತ್ತು ಸೆಕೆಂಡಿಗೆ ಅದು ದೊಡ್ಡ ಮಾತು. ನಮ್ಮ ಪುಟದ ಚಿತ್ರ ಮೂಡಿ ಮೊದಲ ಸಾಲು ಓದುವಷ್ಟರಲ್ಲಿ ಹತ್ತು ಸೆಕೆಂಡು ಆಗಿರುತ್ತದೆ. ‘ನಿಂತ ಭೇಟಿ’ ನನಗೆ ಇಷ್ಟ. ಆದರೆ ನಾಲ್ಕೇ ಸೆಕೆಂಡಿನಲ್ಲಿ ಎರಡನೆಯ ಪುಟಕ್ಕೆ ಹಾರಿ ಹೊರಟವರೂ ಅದರೊಳಗೇ ಬರುತ್ತಾರೆ. ಅವರನ್ನು ನಿಂತವರು ಅನ್ನುವುದು ಹೇಗೆ?

ಇನ್ನೊಂದು, ಇವೆಂಟ್. ಬಂದವರು ತಾಣದಲ್ಲಿ ಏನೇನು ಮಾಡಿದರು ಎಂದು ಜಿಎ4 ಒಂದೊಂದಾಗಿ ಲೆಕ್ಕ ಹಿಡಿಯುವುದು ಈ ಹೆಸರಿನಲ್ಲೇ. ಪುಟ ತೆರೆದರೂ ಇವೆಂಟ್, ಶೇ. 90ರಷ್ಟು ಕೆಳಗೆ ಸ್ಕ್ರೋಲ್ ಮಾಡಿದರೂ ಇವೆಂಟ್. ‘ಘಟನೆ’ ಎಂದರೆ ಎಲ್ಲೋ ಅಪಘಾತವಾದಂತೆ ಕೇಳಿಸುತ್ತದೆ. ‘ಸ್ಥಳದಲ್ಲಿ ಘಟನೆ’ ಎಂದು ಸುದ್ದಿಯಲ್ಲಿ ಕೇಳಿ ಕೇಳಿ ಹೀಗಾಗಿದೆಯೋ ಏನೋ. ‘ನಡೆ’ ಎಂದರೆ ಹೇಗೆ?

ಯೂಸರ್‌ಗೆ ‘ಓದುಗರು’ ಎಂದೇ ಇಟ್ಟುಕೊಂಡಿದ್ದೇನೆ. ಒಬ್ಬರೇ ಮೊಬೈಲ್‌ನಲ್ಲೂ ಆಫೀಸ್ ಕಂಪ್ಯೂಟರ್‌ನಲ್ಲೂ ತೆರೆದರೆ ನಮ್ಮಂಥ ತಾಣದಲ್ಲಿ ಇಬ್ಬರಾಗುತ್ತಾರೆ, ಅದನ್ನು ಅಕ್ಕನಿಗೆ ಹೇಳಿದ್ದೇನೆ.

ನಿಮ್ಮ ಕಡೆ ಅಂಗಡಿಗೆ ಬಂದು, ಏನೂ ಕೇಳದೆ, ಸುಮ್ನೆ ಕಣ್ಣಾಡಿಸಿ ಹೋಗುವವರಿಗೆ ಏನನ್ನುತ್ತೀರಿ? ಸಂತೆ, ಜಾತ್ರೆಗಳಲ್ಲಿ ವ್ಯಾಪಾರ ಮಾಡುವವರ ಬಾಯಲ್ಲಿ ಇದಕ್ಕೊಂದು ಮಾತು ಇದ್ದೇ ಇರುತ್ತದೆ ಅನ್ನಿಸುತ್ತದೆ. ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಊರಿನ ಹೆಸರನ್ನೂ ಸೇರಿಸಿದರೆ ಒಳ್ಳೆಯದು.